ನೋಡುವ ದರ

ಕುಮಟೆಯ ತಾಲೂಕು ಕಚೇರಿಯೆದುರು
ಝೆರಾಕ್ಸು, ಲ್ಯಾಮಿನೇಶನ್ನು, ಅರ್ಜೆಂಟ್ ಫೋಟೋ
ಎಂದು ಬರೆದ ಹಲಗೆಯ ಕೆಳಗೆ
ಹನ್ನೊಂದು ವರ್ಷದಿಂದ ಕೂತಿದ್ದೇನೆ,
ಮಂದಿಯ ನೆಲವನ್ನು ಮಂದಿಗೇ ತೆಗೆದು ತೋರಿಸುತ್ತ.

ಈ ಸೋಮವಾರ ಹಲಗೆಗೆ ಮೂರು ಸಾಲು ಸೇರಿದವು:
ಪಹಣಿ ಬರೇ ನೋಡಲು ಹತ್ತು,
ಪ್ರಿಂಟು ಬೇಕಿದ್ದರೆ ಇಪ್ಪತ್ತೈದು,
ಹಳೆಯದಕ್ಕೆ ವರ್ಷದ ಲೆಕ್ಕ.
ನನ್ನ ಕೂಲಿ ಬೇರೆ. ಅದನ್ನು ಬರೆದಿಲ್ಲ.
ಪೇಂಟು ಆರುವ ಮೊದಲೇ
ಮಾಸೂರಿನ ಬೀರಮ್ಮ ಅಂಬಿಗ ಬಂದು ನಿಂತಳು.

ಬೆರಳ ಸಂದಿಯಲ್ಲಿ ಬಳಚಿನ ಚಿಪ್ಪು ಕೊರೆದ ಗೀರು.
ಸೆರಗಿನ ಗಂಟಿನಲ್ಲಿ ಸರ್ವೆ ನಂಬರಿನ ಚೀಟಿ,
ಅದರೊಳಗೆ ಮಡಚಿದ ಎರಡು ನೋಟು.

"ಬರೇ ನೋಡೂಕೂ ದುಡ್ಡೇ, ತಮಾ?"
"ನಾನಲ್ಲಕ್ಕಾ, ಸರಕಾರ."
"ಕಟ್ಟೆ ಮೇಲೆ ನಿಂತ್ರೆ ಗಜನಿ ಪುಕ್ಕಟೆ ಕಾಣ್ತದೆ."
"ಅದು ಗಜನಿ. ಇದು ಗಜನಿಯ ದಾಖಲೆ."
ಹೇಳಿದ ಮೇಲೆ ನನಗೇ ಅನ್ನಿಸಿತು,
ಈ ಮಾತು ಎಲ್ಲೋ ಕೇಳಿದ್ದೇನೆ, ಇದೇ ದನಿಯಲ್ಲಿ.

ನಮ್ಮಜ್ಜ ಊರಿನ ಶಾನಭಾಗ.
ಚಾವಡಿಯ ಜಗಲಿಯಲ್ಲಿ ಕಡತ ಬಿಚ್ಚಿದರೆ
ಆ ಮೋಡಿ ಅಕ್ಷರ ಅವನೊಬ್ಬನಿಗೇ ಓದಲು ಬರುತ್ತಿತ್ತು.
ಫೀಸು ಇರಲಿಲ್ಲ. ಹಿತ್ತಲ ಬಾಗಿಲಿಗೆ
ಬಾಳೆಲೆ ಮುಚ್ಚಿದ ನೊಗಲಿ ಮೀನಿನ ಬುಟ್ಟಿ ಬರುತ್ತಿತ್ತು.
ಬುಟ್ಟಿ ಬಾರದವರ ಗದ್ದೆಯ ಗಡಿ ಓದುವ ದಿನ
ಅಜ್ಜನಿಗೆ ಕನ್ನಡಕ ಸಿಗುತ್ತಿರಲಿಲ್ಲ.
ಇದಕ್ಕಾದರೆ ರಸೀದಿಯಾದರೂ ಇದೆ, ಎಂದುಕೊಂಡೆ.
ಆದರೂ ಒಂದು ಮಾತು:
ಸಿಕ್ಕ ದಿನ, ಅಜ್ಜ ಓದುತ್ತಿದ್ದುದು ಗಟ್ಟಿಯಾಗಿ.
ಅಂಗಳದಲ್ಲಿ ಇದ್ದವರಿಗೆಲ್ಲ ಕೇಳುತ್ತಿತ್ತು.

ಸರ್ವೆ ನಂಬರು ಇನ್ನೂರ ಹನ್ನೆರಡು, ಹಿಸ್ಸೆ ಮೂರು.
ದುಡ್ಡು ಕಟ್ಟಿದೆ. ಪರದೆಯ ಮೇಲೊಂದು ಬಳೆ
ತಿರುಗಿತು, ತಿರುಗಿತು.
ಹತ್ತು ಹೋಯಿತು, ನೆಲ ಬರಲಿಲ್ಲ.
ಎರಡನೆಯ ನೋಟೂ ಹಾಗೇ.
"ಹೋದದ್ದು ಯಾರ ಹೆಸರಿಗೆ ಬಿತ್ತು?" ಕೇಳಿದಳು.
ಆ ಕಾಲಂ ನನಗೂ ಗೊತ್ತಿಲ್ಲ.
ಜಂತ್ರಡಿಯ ಹಲಗೆ ಎತ್ತುವ ಹೊತ್ತು ಅವಳಿಗೆ ಗೊತ್ತು,
ಹುಣ್ಣಿಮೆಯಿಂದ ದಿನ ಎಣಿಸಬೇಕು, ಇಳಿತ ಕಾಯಬೇಕು.
ಈ ಬಾಗಿಲಿನ ಭರತ ಇಳಿತ ಯಾವ ಪಂಚಾಂಗದಲ್ಲೂ ಇಲ್ಲ.

ಮೂರನೆಯ ಹತ್ತನ್ನು ನನ್ನ ಡ್ರಾವರಿನಿಂದ ಹಾಕಿದೆ.
ಬಂತು.

"ಓದು," ಅಂದಳು. ಹಿಂದೆ ಐದಾರು ಮಂದಿಯ ಸಾಲು.
ಓದಿದೆ: ಕಾಲಂ ಒಂಬತ್ತು, ಜಟ್ಟಿ ಬಿನ್ ಬೊಮ್ಮ ಅಂಬಿಗ.
"ಹೋಗಿ ಎಂಟು ವರ್ಷ ಆಯ್ತು,"
ಅಂದಳು, ನನಗಲ್ಲ, ಗಾಜಿಗೆ.
ವಿಸ್ತೀರ್ಣ ಹದಿನೇಳು ಗುಂಟೆ.
ಬೆಳೆ: ಭತ್ತ.
ಸಾಲಿನಲ್ಲಿ ಯಾರೋ ನಕ್ಕರು. ಕಟ್ಟೆಯೊಡೆದು
ಉಪ್ಪುನೀರು ನುಗ್ಗಿದ ಮೇಲೆ ಅಲ್ಲಿ
ಕಗ್ಗದ ಒಂದು ತೆನೆ ಕಂಡವರಿಲ್ಲ.
ಸೀಗಡಿ ಇದೆ, ಏಡಿ ಇದೆ. ಅವಕ್ಕೆ ಕಾಲಂ ಇಲ್ಲ.

"ಹನ್ನೊಂದನೇದು?"
ಕೇಳಿದ್ದು ಅವಳಲ್ಲ. ಹಿಂದೆ ನಿಂತಿದ್ದ
ಹಿಸ್ಸೆ ನಾಲ್ಕರ ಪರ್ಸು ಪಟಗಾರ.
ಓದಿದೆ: ಕಟ್ಟೆಯ ಮೇಲಿನ ಕಾಲುದಾರಿ
ಹಿಸ್ಸೆ ಮೂರು, ನಾಲ್ಕು, ಎರಡಕ್ಕೂ.
ಅಂಗಡಿಯೊಳಗೆ ಫ್ಯಾನು ಮಾತ್ರ ತಿರುಗುತ್ತಿತ್ತು.
ಆ ದಾರಿಗೆ ಮುಳ್ಳು ಹಾಕಿದವನು ಅವನೇ,
ಮಾಸೂರಿಗೆಲ್ಲ ಗೊತ್ತು.
ಪರ್ಸು ತನ್ನ ಚೀಟಿಯನ್ನು ಮತ್ತೆ ಜೇಬಿಗಿಟ್ಟು
ಬಿಸಿಲಿಗಿಳಿದ.

ಒಬ್ಬಳ ದುಡ್ಡಿಗೆ ಆರು ಮಂದಿ ಕೇಳಿಸಿಕೊಂಡಿದ್ದರು.
ಕೇಳುವುದಕ್ಕೆ ಇನ್ನೂ ದರ ಬಂದಿಲ್ಲ.

ಐದು ನಿಮಿಷಕ್ಕೆ ಪುಟ ತಾನಾಗಿ ಮುಚ್ಚಿತು.
"ನಾಳೆ ನೋಡೂಕೆ?"
"ಮತ್ತೆ ಹತ್ತು."
"ಬೇಡ. ಇಷ್ಟು ಜನ ಕೇಳಿದ್ರಲ್ಲ,
ಮರ್ತ್ರೆ ಇವ್ರನ್ನ ಕೇಳ್ತೆ."

ಮರುದಿನ ಶಟರಿನ ಕೊಂಡಿಗೆ ಒಂದು ಕೊಟ್ಟೆ ತೂಗುತ್ತಿತ್ತು,
ಒಳಗೆ ಬಳಚು, ಇನ್ನೂ ಬಾಯಿ ಮುಚ್ಚಿಕೊಂಡವು.
ರಸೀದಿ ಇರಲಿಲ್ಲ.
ಮನೆಗೆ ಒಯ್ದೆ.
ಹಿತ್ತಲ ಬಾಗಿಲಿನಿಂದಲೇ.